ಅಂಡಾಶಯಕ್ಕೂ ಒಂದು ಬಸಿಗಾಲುವೆ

ಮುಧೋಳ, ಜಮಖಂಡಿ ಕಡೆಯ ಕಬ್ಬಿನ ರೈತರಿಗೆ ಸವುಳು-ಜವುಳು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ನೀರು ಬಂತು, ಜಾಸ್ತಿಯಾದದ್ದು ಬಸಿದು ಹೋಗಲು ದಾರಿ ಇರಲಿಲ್ಲ. ಎರೆ ಭೂಮಿ ಉಪ್ಪೇರಿ ಕೆಟ್ಟಿತು.

ನಮ್ಮ ಮೈಯಲ್ಲೂ ಬಸಿಗಾಲುವೆಗಳಿವೆ. ಅವೇ ದುಗ್ಧರಸ ನಾಳಗಳು. ರಕ್ತನಾಳದಿಂದ ಹೊರಗೆ ಸೋರಿದ ನೀರನ್ನು ಹೀರಿ ಮತ್ತೆ ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಅವು ಕೆಟ್ಟರೆ ಏನಾಗುತ್ತದೆ ಅನ್ನುವುದನ್ನು ಬಾಗಲಕೋಟೆ, ವಿಜಯಪುರದ ಹಳ್ಳಿಗಳು ಆನೆಕಾಲು ರೋಗದಲ್ಲಿ ಕಂಡಿವೆ.

1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ, ಆಗಷ್ಟೇ ಉಂಡಿದ್ದ ನಾಯಿಯ ಹೊಟ್ಟೆ ಕೊಯ್ದಾಗ ಕರುಳಿನ ಬಳಿ ಹಾಲಿನಂಥ ಬಿಳಿ ಎಳೆಗಳನ್ನು ಕಂಡ. ದುಗ್ಧ ಅಂದರೂ ಹಾಲೇ ಅಲ್ವಾ! ಆದರೆ ಆ ಬಿಳುಪು ಊಟದ ಕೊಬ್ಬಿನದು. ಬೇರೆ ಕಡೆ ಈ ರಸ ತಿಳಿನೀರಿನಂತೆ, ನಾಳದ ಗೋಡೆಯೂ ಬಲು ತೆಳು. ಹಾಗಾಗಿ ಕಣ್ಣಿಗೆ ಬೀಳುವುದೇ ಕಷ್ಟ.

ಅಂಡಾಶಯದಲ್ಲಂತೂ ತತ್ತಿ ಮತ್ತು ಹಾರ್ಮೋನುಗಳದ್ದೇ ಮಾತು. ಬಸಿಯುವ ನಾಳದ ಕಡೆ ನೋಡಿದವರು ಕಮ್ಮಿ. 1999ರ ಹೊತ್ತಿಗೆ ದುಗ್ಧರಸ ನಾಳದ ಗೋಡೆಯಲ್ಲಿರುವ ಪ್ರಾಕ್ಸ್-1, ಲೈವ್-1 ಎಂಬ ಪ್ರೋಟೀನುಗಳ ಗುರುತು ಸಿಕ್ಕಿತು. ಅವುಗಳಿಗೆ ಬಣ್ಣ ಹಚ್ಚಿದರೆ ಯಾವುದು ರಕ್ತನಾಳ, ಯಾವುದು ದುಗ್ಧರಸ ನಾಳ ಅಂತ ಬೇರೆ ಮಾಡಿ ನೋಡಬಹುದು. ಕಥೆ ತಿರುಗಿದ್ದು ಇಲ್ಲಿಂದ.

2010ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಇಲಿಗಳಲ್ಲಿ ತೋರಿಸಿದ್ದು ನನಗೆ ತುಂಬಾ ಹಿಡಿಸಿತು. ಅಂಡಾಶಯದೊಳಗೆ ಈ ನಾಳಗಳು ಬರುವುದು ಮರಿ ಹುಟ್ಟಿದ ಮೇಲೆ. ತತ್ತಿಯ ಚೀಲಗಳು ದೊಡ್ಡವಾಗುತ್ತಾ ಹೋದಂತೆ, ಹಾರ್ಮೋನಿನ ಮಾತು ಕೇಳಿ ಇವೂ ಹಬ್ಬುತ್ತವೆ. 2013ರಲ್ಲಿ ಇನ್ನೊಂದು ತಂಡ ಹೊಸ ದುಗ್ಧರಸ ನಾಳ ಬೆಳೆಯದಂತೆ ತಡೆಯಿತು. ರಕ್ತನಾಳಗಳಿಗೆ ಹೆಚ್ಚೇನೂ ಆಗಲಿಲ್ಲ. ತತ್ತಿ ಬಿಡುಗಡೆಯಾಯಿತು, ಫಲಗಟ್ಟಿ ಗರ್ಭಕೋಶದಲ್ಲಿ ನಾಟಿತು ಕೂಡ. ಆದರೂ ಬಸಿರು ಉಳಿಯಲಿಲ್ಲ, ಮರಿಗಳು ಒಳಗೇ ಸೊರಗಿದವು.

ಇನ್ನು ವಯಸ್ಸಿನ ಮಾತು. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷ ತತ್ತಿಗಳಿರುತ್ತವೆ, ವರ್ಷ ಕಳೆದಂತೆ ಕರಗುತ್ತವೆ. ಇದು ನಿಜ. ಆದರೆ ಮಕ್ಕಳಾಗಲಿಲ್ಲ ಅಂತ ಕಣ್ಣೀರಿಡುತ್ತಾ ಆಸ್ಪತ್ರೆಗೆ ಬಂದವಳಿಗೆ ಸುಮ್ನೆ 'ತತ್ತಿ ಮುಗೀತಮ್ಮ' ಅಂದುಬಿಡುವುದು ಅರ್ಧ ಮಾತು. ಬೀಜವನ್ನಷ್ಟೇ ಎಣಿಸಿದರೆ ಸಾಕೇ, ಹೊಲ ನೋಡಬೇಡವೇ? ವಯಸ್ಸಾದ ಅಂಡಾಶಯದಲ್ಲಿ ಉರಿಯೂತ ಏರುತ್ತದೆ, ನಾರು ಕಟ್ಟಿ ಅದು ಗಡಸಾಗುತ್ತದೆ. ಉರಿಯೂತದ ಕಸವನ್ನು, ರಕ್ಷಣಾ ಕಣಗಳನ್ನು ಅಲ್ಲಿಂದ ಸಾಗಿಸಬೇಕಾದದ್ದು ಇದೇ ನಾಳಗಳು. ಮೈಯ ಬೇರೆ ಕಡೆ ಇವು ವಯಸ್ಸಾದಂತೆ ಸೋರುತ್ತವೆ, ಹಿಂಡುವ ಬಲ ಕಳೆದುಕೊಳ್ಳುತ್ತವೆ. ಅದಕ್ಕೇ ಈಗ ಅಂಡಾಶಯದ ಮುಪ್ಪನ್ನು ಓದುವವರು ತತ್ತಿಯ ಜೊತೆಗೆ ಅದರ ಸುತ್ತಲಿನ ನೆಲವನ್ನೂ ಕೆದಕುತ್ತಿದ್ದಾರೆ.