ಸಣ್ಣ ಸೊಸೆಗೇ ಯಾಕೆ ತಲೆನೋವು?

"ಅಲ್ಲ ಡಾಕ್ಟ್ರಮ್ಮ, ದೊಡ್ಡ ಸೊಸೆಗೂ ಬೆನ್ನಿಗೇ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದ್ದು. ಅವಳು 80 ಕೆಜಿ ಇದಾಳೆ, ಏನೂ ಆಗ್ಲಿಲ್ಲ. ಇವಳು ನೋಡಿದ್ರೆ ಕಡ್ಡಿ. ಇವಳಿಗೇ ಯಾಕೆ ಬಂತು?"

ಹೊಸನಗರ ಕಡೆಯ ಅತ್ತೆಯೊಬ್ಬರು ವಾರ್ಡಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ ಪ್ರಶ್ನೆ ಇದು. ನಾನು ಶಿವಮೊಗ್ಗದಲ್ಲಿ ಅರಿವಳಿಕೆ ವೈದ್ಯೆ, ಜನರ ಬಾಯಲ್ಲಿ 'ಮತ್ತು ಕೊಡೋ ಡಾಕ್ಟ್ರು'. ಬೈಯೋಕೆ ಬಂದಿದ್ದಾರೆ ಅಂದುಕೊಂಡಿದ್ದೆ. ಆದರೆ ಅವರು ಕೇಳಿದ್ದರಲ್ಲಿ ನಿಜವಾಗಿಯೂ ಹುರುಳಿತ್ತು.

ಹುಡುಗಿಗೆ ಹೆರಿಗೆಯಾಗಿ ಮೂರನೇ ದಿನ. ಮಲಗಿದ್ದಾಗ ಆರಾಮಾಗಿ ಮಾತಾಡುತ್ತಿದ್ದಳು. ಮಗುವಿಗೆ ಹಾಲು ಕೊಡಲು ಎದ್ದು ಕೂತಳು, ಎರಡು ನಿಮಿಷ ಆಗಿಲ್ಲ, ಒಂದು ಕೈ ಹಿಂದಲೆಗೆ ಹೋಯಿತು, ಕಣ್ಣು ಮುಚ್ಚಿದಳು, ಮಗುವನ್ನು ಅತ್ತೆ ಕೈಗೆ ಕೊಟ್ಟು ಹಾಗೇ ಒರಗಿದಳು. ಮಲಗಿದ ಕೂಡಲೇ ನೋವು ಇಳಿಯಿತು. ಕೂತರೆ ನೋವು, ಮಲಗಿದರೆ ಇಲ್ಲ. ಬೆನ್ನಿಗೆ ಇಂಜೆಕ್ಷನ್ ಆದ ಐದು ದಿನದೊಳಗೆ ಇಂಥ ತಲೆನೋವು ಬಂದರೆ ನಮಗೆ ಮೊದಲು ಹೊಳೆಯುವುದೇ ನೀರಿನ ಸೋರಿಕೆ.

ಮಿದುಳು, ಬೆನ್ನುಹುರಿ ಎರಡೂ ಒಂದು ತಿಳಿನೀರಿನ ಚೀಲದೊಳಗೆ ಇರುತ್ತವೆ. ದೊಡ್ಡವರಲ್ಲಿ ಸುಮಾರು 150 ಎಂಎಲ್ ನೀರು. ದಿನಕ್ಕೆ 500 ಎಂಎಲ್ ಹೊಸದಾಗಿ ಹುಟ್ಟುತ್ತೆ, ಹಳೆಯದು ರಕ್ತಕ್ಕೆ ಸೇರುತ್ತೆ. ಬಾವಿಯಲ್ಲಿ ನೀರು ಸೇದಿದವರಿಗೆ ಇದು ಬೇಗ ಅರ್ಥವಾಗುತ್ತೆ. ಕೊಡ ಮುಳುಗಿರುವವರೆಗೆ ಹಗುರ, ನೀರು ಬಿಟ್ಟು ಮೇಲೆ ಬಂತೋ, ಹಗ್ಗ ಕೈ ಕೊಯ್ಯುತ್ತೆ. 1400 ಗ್ರಾಂ ಮಿದುಳು ಆ ನೀರಲ್ಲಿ ತೇಲುವಾಗ ಬರೀ 50 ಗ್ರಾಂನಷ್ಟು ತೂಗುತ್ತೆ. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಸೂಜಿ ಆ ಚೀಲದಲ್ಲಿ ಮಾಡಿದ ತೂತಿನಿಂದ ನೀರು ಜಿನುಗಿ ಕಡಿಮೆಯಾದರೆ, ಎದ್ದು ಕೂತಾಗ ಮಿದುಳು ಕೆಳಕ್ಕೆ ಜಗ್ಗುತ್ತೆ. ಅದರ ಸುತ್ತಲಿನ ಪೊರೆ ಎಳೆದಂತಾಗುತ್ತೆ, ಒಳಗಿನ ರಕ್ತನಾಳಗಳು ಹಿಗ್ಗುತ್ತವೆ. ಅದೇ ನೋವು.

ಇನ್ನು ತೂಕದ ವಿಷಯ. ಆ ನೀರಿನ ಚೀಲದ ಹೊರಗೆ ಕೊಬ್ಬು ಮತ್ತು ರಕ್ತನಾಳ ತುಂಬಿದ ಒಂದು ಸಂದು ಇದೆ. ಹೊಟ್ಟೆ ದಪ್ಪ ಇದ್ದವರಲ್ಲಿ ಹೊಟ್ಟೆಯೊಳಗಿನ ಒತ್ತಡ ಜಾಸ್ತಿ, ಅದು ಈ ಸಂದಿನವರೆಗೂ ಮುಟ್ಟುತ್ತೆ. ತೋಟದ ಪೈಪ್ ತೂತಾದಾಗ ಹೊರಗಿಂದ ಕೈಯಲ್ಲಿ ಅದುಮಿ ಹಿಡಿದರೆ ಸೋರುವುದು ಕಡಿಮೆಯಾಗುತ್ತಲ್ವಾ, ಹಾಗೆ. ಸಣಕಲು ಮೈಯವರಿಗೆ ಆ ಅದುಮುವ ಕೈ ಇಲ್ಲ. ಮೊದಲೆಲ್ಲ ಈ ತಲೆನೋವಿಗೆ ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಕಟ್ಟುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. "ನಾವು ಬಾಣಂತಿಗೆ ಸೀರೆ ಸುತ್ತಲ್ವಾ, ಹಾಗೇ" ಅಂದರು ಅತ್ತೆ. ಹೌದು, ಆದರೆ ಹೊಲಿಗೆ ಹಾಕಿದ ಹೊಟ್ಟೆ ಮೇಲೆ ಬಿಗಿದು ಕಟ್ಟಿದರೆ ಆ ಹುಡುಗಿ ನಿಮ್ಮನ್ನೂ ನನ್ನನ್ನೂ ಸೇರಿಸಿ ಬೈಯುತ್ತಾಳೆ ಅಂದೆ. ಈಗ ಅದನ್ನು ನಾವು ಮಾಡುವುದಿಲ್ಲ.

ಹಾಗಂತ ತೂಕವೇ ಎಲ್ಲ ಅಲ್ಲ. ಕೆಲವು ಅಧ್ಯಯನಗಳಲ್ಲಿ ದಪ್ಪ ಇದ್ದವರಿಗೆ ಈ ನೋವು ಕಡಿಮೆ ಕಂಡಿದೆ, ಕೆಲವುದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಸೂಜಿಯ ದಪ್ಪ, ಅದರ ತುದಿಯ ಆಕಾರ ಇದಕ್ಕಿಂತ ಮುಖ್ಯ. ಪೆನ್ಸಿಲ್ ಮೊನೆಯಂಥ ತೆಳು ಸೂಜಿ ಬಳಸಿದರೆ ಸುಮಾರು ನೂರಕ್ಕೆ ಒಬ್ಬರಿಗೆ ಬಂದರೆ ಬಂತು. ವಯಸ್ಸು ಚಿಕ್ಕದು, ಹೆಂಗಸು, ಅದರಲ್ಲೂ ಬಾಣಂತಿ ಅಂದರೆ ಸಾಧ್ಯತೆ ಜಾಸ್ತಿ. ಜೊತೆಗೆ ದಪ್ಪ ಬೆನ್ನಲ್ಲಿ ಸರಿಯಾದ ಸಂದು ಕೈಗೆ ಸಿಗುವುದೇ ಕಷ್ಟ, ಎರಡು ಮೂರು ಸಲ ಚುಚ್ಚಬೇಕಾಗುತ್ತೆ, ಅಲ್ಲಿಗೆ ಲಾಭ ಕರಗಿತು.

ದಪ್ಪ ಇದ್ದವರಿಗೆ ಬೇರೆಯೇ ಒಂದು ಸೋರಿಕೆ ಇದೆ, ಇದನ್ನು ನಮ್ಮ ಮಲೆನಾಡಿನಲ್ಲಿ ಹಿಡಿಯುವುದು ಕಷ್ಟ. ತೂಕ ಜಾಸ್ತಿ ಇರುವ ಕೆಲವು ಹೆಂಗಸರಲ್ಲಿ ತಲೆಯೊಳಗಿನ ನೀರಿನ ಒತ್ತಡವೇ ಏರಿರುತ್ತೆ. ತಲೆನೋವು, ಬಗ್ಗಿ ಎದ್ದಾಗ ಕ್ಷಣಹೊತ್ತು ಕಣ್ಣು ಮಂಜು. ವರ್ಷಗಟ್ಟಲೆ ಒತ್ತಿ ಒತ್ತಿ ಮೂಗಿನ ಮೇಲಿನ ತೆಳು ಮೂಳೆ ಸವೆದು, ಒಂದೇ ಹೊಳ್ಳೆಯಿಂದ ನೀರು ತೊಟ್ಟಿಕ್ಕಲು ಶುರುವಾಗಬಹುದು. ಬಗ್ಗಿ ನೆಲ ಒರೆಸುವಾಗ ಟಪ್ ಟಪ್ ಅಂತ. ಆಗುಂಬೆ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಯಾರ ಮೂಗು ಸೋರಲ್ಲ ಹೇಳಿ! ಶೀತ ಅಂತ ಕಷಾಯ ಕುಡಿದು ಸುಮ್ನಾಗುತ್ತಾರೆ. ಒಂದೇ ಕಡೆ, ತಿಳಿನೀರು, ಗಂಟಲಿಗೆ ಉಪ್ಪುಪ್ಪು ಅನಿಸಿದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಆ ದಾರಿಯಲ್ಲಿ ಸೋಂಕು ನೇರ ಮಿದುಳಿನ ಪೊರೆಗೆ ಹೋಗಬಹುದು. ಅಲ್ಲಿ ತೂಕ ಇಳಿಸುವುದೂ ಚಿಕಿತ್ಸೆಯ ಭಾಗವೇ.

ಸಣ್ಣ ಸೊಸೆಯ ಕಥೆಗೆ ಬರ್ತೀನಿ. ಅತ್ತೆ ಅವಳ ದಿಂಬು ಕಿತ್ತಿಟ್ಟಿದ್ದರು, ವಾಪಸ್ ಕೊಡಿಸಿದೆ. ದಿಂಬಿಲ್ಲದೆ ಮಲಗಿದರೆ ಈ ನೋವು ಬರುವುದಿಲ್ಲ ಅನ್ನುವುದು ಹಳೇ ನಂಬಿಕೆ. ಬಾಣಂತಿಗೆ ನೀರು ಕೊಡಬಾರದು ಅಂತ ಅಳೆದು ಕೊಡುತ್ತಿದ್ದರು, ಅದನ್ನು ಗಟ್ಟಿಯಾಗಿಯೇ ನಿಲ್ಲಿಸಿದೆ. ನೀರಿಲ್ಲದ ಬಾಣಂತಿಯ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಇರುತ್ತೆ. ಮಲಗಿದರೂ ಇಳಿಯದ ತಲೆನೋವು, ಜ್ವರ, ಫಿಟ್ಸ್, ಬಿಪಿ ಏರಿಕೆ, ಕೈಕಾಲು ಸೋಲು, ಇವುಗಳಲ್ಲಿ ಒಂದು ಕಂಡರೂ ಸೂಜಿ ತಲೆನೋವು ಅಂತ ಕೂರುವಂತಿಲ್ಲ. ಪ್ಯಾರಾಸಿಟಮಾಲ್ ಕೊಟ್ಟೆವು, ಒಂದೆರಡು ಲೋಟ ಕಾಫಿಯೂ ಆಯಿತು. ಕೆಫೀನ್ ಹಿಗ್ಗಿದ ರಕ್ತನಾಳವನ್ನು ಸ್ವಲ್ಪ ಕುಗ್ಗಿಸುತ್ತೆ. ಆದರೆ ತೂತು ಮುಚ್ಚಲ್ಲ.

ಎರಡು ದಿನ ಕಾದರೂ ಅವಳಿಗೆ ಕೂರಲಾಗಲಿಲ್ಲ. ಅವಳ ತೋಳಿನಿಂದಲೇ 20 ಎಂಎಲ್ ರಕ್ತ ತೆಗೆದು, ಬೆನ್ನಲ್ಲಿ ಆ ಹೊರಗಿನ ಸಂದಿಗೆ ನಿಧಾನಕ್ಕೆ ಬಿಟ್ಟೆವು. ಬ್ಲಡ್ ಪ್ಯಾಚ್ ಅಂತಾರೆ. ರಕ್ತ ಹೆಪ್ಪುಗಟ್ಟಿ ತೂತಿಗೆ ತೇಪೆಯಾಗುತ್ತೆ. ಸಂಜೆ ಹೋದಾಗ ಗೋಡೆಗೆ ಒರಗಿ ಕೂತು ಹಾಲು ಕೊಡುತ್ತಿದ್ದಳು.

"ಹಾಗಾದ್ರೆ ಇವಳಿಗೆ ತುಪ್ಪ ಜಾಸ್ತಿ ಹಾಕಿ ದಪ್ಪ ಮಾಡ್ಲಾ?" ಅಂದರು ಅತ್ತೆ. ತುಪ್ಪ ಅವಳಿಗೆ ಇಷ್ಟ ಇದ್ದರೆ ಹಾಕಿ, ತಲೆನೋವಿಗಂತ ಬೇಡ ಅಂದೆ. ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ: ಸ್ಪೈನಲ್ (ಬೆನ್ನಿಗೆ ಕೊಡುವ ಮತ್ತಿನ ಇಂಜೆಕ್ಷನ್) ಆದ ಮೇಲೆ ತಲೆನೋವು ಬಂದಿತ್ತು. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಮುಂದಿನ ಹೆರಿಗೆ ಎಲ್ಲೇ ಆಗಲಿ, ಮತ್ತು ಕೊಡುವವರಿಗೆ ಮೊದಲು ಆ ಚೀಟಿ ತೋರಿಸಬೇಕು.