ಒಂದೇ ಚಿಪ್, ಹಲವು ಬಸ್: ನೆಟ್‌ಬಿಎಸ್‌ಡಿ ಡ್ರೈವರ್‌ಗಳನ್ನು ಬಿಡಿಸಿಟ್ಟ ಬಗೆ

ಸೀರಿಯಲ್ ಪೋರ್ಟ್ ನಡೆಸುವ 16550 ಚಿಪ್ ಹಳೆಯ ಪಿಸಿಯ ಐಎಸ್‌ಎ ಬಸ್‌ನಲ್ಲಿರಲಿ (ಬಸ್ ಎಂದರೆ ಸಾಧನಗಳನ್ನು ಯಂತ್ರಕ್ಕೆ ಬೆಸೆಯುವ ದಾರಿ), ಆಮೇಲೆ ಬಂದ ಪಿಸಿಐ ಬಸ್‌ನ ಕಾರ್ಡ್‌ನ ಮೇಲಿರಲಿ, ಅದನ್ನು ನಿಯಂತ್ರಿಸುವ ರಿಜಿಸ್ಟರ್‌ಗಳು ಅವೇ, ಬಾಡ್ ದರ (ಮಾಹಿತಿ ಸಾಗುವ ವೇಗ) ಹೊಂದಿಸುವ ಕ್ರಮವೂ ಅದೇ. ಬೇರೆಯಾಗುವುದು ಅದನ್ನು ಪತ್ತೆಹಚ್ಚುವ ಬಗೆ ಮತ್ತು ಅದನ್ನು ತಲುಪುವ ದಾರಿ. ಈ ಎರಡನ್ನು ಡ್ರೈವರ್‌ನಲ್ಲಿ, ಅಂದರೆ ಸಾಧನವನ್ನು ನಡೆಸುವ ಕೋಡ್‌ನಲ್ಲಿ, ಚಿಪ್‌ನ ತಿರುಳಿನಿಂದ ಬಿಡಿಸಿಡಲು ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಕವಲಾದ ಬಿಎಸ್‌ಡಿ ಬಳಗಕ್ಕೆ ವರ್ಷಗಳೇ ಹಿಡಿದವು. ಹೊಸ ಯಂತ್ರಕ್ಕೆ ಸಿಸ್ಟಮ್ ಒಗ್ಗಿಸುವ ಕೆಲಸ ಹಗುರವಾಗುವುದೂ ಭಾರವಾಗುವುದೂ ಇಲ್ಲಿಯೇ ತೀರ್ಮಾನವಾಗುತ್ತದೆ ಎಂಬುದು ನನ್ನ ನಂಬಿಕೆ.

ಬೂಟ್ ಆಗುವಾಗ ಸಿಸ್ಟಮ್‌ನ ತಿರುಳಾದ ಕರ್ನಲ್ ತಾನೇ ಸಾಧನಗಳನ್ನು ಹುಡುಕಿಕೊಳ್ಳುವ ವ್ಯವಸ್ಥೆ 4.1ಬಿಎಸ್‌ಡಿಯಲ್ಲೇ ಇತ್ತು. ಆದರೆ ಅದು ವ್ಯಾಕ್ಸ್ ಯಂತ್ರದ ಯುನಿಬಸ್, ಮಾಸ್‌ಬಸ್ ಎಂಬ ಬಸ್‌ಗಳಿಗೆ ಅಂಟಿಕೊಂಡಿತ್ತು. 4.4ಬಿಎಸ್‌ಡಿ ಹೊತ್ತಿಗೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕ್ರಿಸ್ ಟೋರೆಕ್ ಅದನ್ನು ಬುಡದಿಂದ ಬದಲಿಸಿದರು. ಸಾಧನಗಳೆಲ್ಲ ಒಂದು ಮರವಾದವು: ಬಸ್ ತಾಯಿ, ಸಾಧನ ಮಗು. ಪ್ರತಿ ಡ್ರೈವರ್‌ಗೂ ‘ಇದು ನನ್ನದೇ?’ ಎಂದು ನೋಡುವ ಒಂದು ಫಂಕ್ಷನ್, ನನ್ನದಾದರೆ ಜೋಡಿಸಿಕೊಳ್ಳುವ ಇನ್ನೊಂದು ಫಂಕ್ಷನ್. 1993ರಲ್ಲಿ ಹುಟ್ಟಿದ, ಬಿಎಸ್‌ಡಿ ಬಳಗದ ಸಿಸ್ಟಮ್ ಆದ ನೆಟ್‌ಬಿಎಸ್‌ಡಿ ಈ ಅಡಿಪಾಯವನ್ನು ತನ್ನದಾಗಿಸಿಕೊಂಡಿತು.

ನಿಜವಾದ ಪರೀಕ್ಷೆ ಡಿಇಸಿ ಕಂಪನಿಯ ಆಲ್ಫಾ ಪ್ರೊಸೆಸರ್ ಜೊತೆ ಬಂತು. ಪಿಸಿಯ ಡ್ರೈವರ್‌ಗಳು ಇಂಟೆಲ್‌ನ ಪೋರ್ಟ್ ಸೂಚನೆಗಳಿಂದ (ಸಾಧನಗಳ ಜೊತೆ ಮಾತಾಡಲೆಂದೇ ಪ್ರೊಸೆಸರ್‌ನಲ್ಲಿರುವ ಸೂಚನೆಗಳು) ನೇರವಾಗಿ ಒಂದೊಂದು ಬೈಟ್ ಓದಿ ಬರೆಯುತ್ತಿದ್ದವು. ಮೊದಲ ಆಲ್ಫಾಗಳಿಗೆ ಪೋರ್ಟ್ ಸೂಚನೆ ಹಾಗಿರಲಿ, ಮೆಮೊರಿಯಿಂದ ಒಂದೇ ಬೈಟ್ ಓದುವ ಸೂಚನೆಯೂ ಇರಲಿಲ್ಲ. ಯಾವ ಬೈಟ್ ಬೇಕು ಎಂಬುದನ್ನು ವಿಳಾಸದ ಬಿಟ್‌ಗಳಲ್ಲೇ ಅಡಕಗೊಳಿಸಿ ಬಸ್ ಮುಟ್ಟಬೇಕಿತ್ತು. ಈ ಕಸರತ್ತನ್ನು ಪ್ರತಿ ಡ್ರೈವರ್‌ನಲ್ಲೂ ತುರುಕಿದರೆ ಯಾರೂ ನಿಭಾಯಿಸಲಾರರು.

ಅದಕ್ಕೆ ಸಿಕ್ಕ ಉತ್ತರ ಬಸ್‌ಸ್ಪೇಸ್. ಡ್ರೈವರ್ ಕೈಯಲ್ಲಿ ಯಾವ ಬಗೆಯ ಜಾಗ ಎಂದು ಹೇಳುವ ಒಂದು ಟ್ಯಾಗ್, ಅದರಲ್ಲಿ ಎಲ್ಲಿ ಎಂದು ಹೇಳುವ ಒಂದು ಹ್ಯಾಂಡಲ್ ಇರುತ್ತವೆ; ‘ಈ ಜಾಗದ 5ನೇ ರಿಜಿಸ್ಟರ್ ಓದು’ ಎಂದಷ್ಟೇ ಅದು ಕೇಳುತ್ತದೆ, ಹೇಗೆ ಓದಬೇಕೆಂಬುದು ಆಯಾ ಯಂತ್ರದ ಕೋಡ್‌ಗೆ ಬಿಟ್ಟದ್ದು. ನೆಟ್‌ಬಿಎಸ್‌ಡಿ 1.2 ಆವೃತ್ತಿಯಲ್ಲಿ ಮೆಮೊರಿಗೂ ಪೋರ್ಟ್‌ಗೂ ಬೇರೆ ಬೇರೆ ಫಂಕ್ಷನ್‌ಗಳಿದ್ದವು, 1.3ರಲ್ಲಿ ಎರಡನ್ನೂ ಒಂದುಗೂಡಿಸಿದರು. ಡ್ರೈವರ್‌ಗೆ ಆ ಭೇದ ತಿಳಿಯಬೇಕಾದ ಅಗತ್ಯವೇ ಇಲ್ಲ ಎಂಬುದು ಆಗ ಸ್ಪಷ್ಟವಾಗಿತ್ತು. ಅದೇ 1.3ರಲ್ಲಿ ಜೇಸನ್ ಥಾರ್ಪ್ ಅವರ ಬಸ್‌ಡಿಎಂಎ ಕೂಡ ಬಂತು. ಡಿಎಂಎ ಎಂದರೆ ಪ್ರೊಸೆಸರ್ ನಡುವೆ ಬಾರದೆ ಸಾಧನವೇ ಮೆಮೊರಿಯನ್ನು ಮುಟ್ಟುವ ಕ್ರಮ. ಐಎಸ್‌ಎ ಸಾಧನದ ಡಿಎಂಎ ಮೊದಲ 16 ಮೆಗಾಬೈಟ್ ದಾಟಿ ಹೋಗಲಾರದು. ಅಂಥ ಕಟ್ಟುಪಾಡುಗಳನ್ನೂ ಇದು ಡ್ರೈವರ್‌ನ ಹೆಗಲಿಂದ ಇಳಿಸಿತು.

ಫೈಲುಗಳ ಜೋಡಣೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. 16550ರ ತಿರುಳು ಚಿಪ್‌ಗಳ ‘ಐಸಿ’ ಫೋಲ್ಡರ್‌ನಲ್ಲಿ ಒಂದೇ ಕಡೆ ಇದೆ. ಐಎಸ್‌ಎ, ಪಿಸಿಐ, ಪಿಸಿಎಂಸಿಐಎ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಕಾರ್ಡ್‌) ಫೋಲ್ಡರ್‌ಗಳಲ್ಲಿರುವುದು ಅದನ್ನು ಜೋಡಿಸುವ ಪುಟ್ಟ ಫೈಲುಗಳು ಮಾತ್ರ. ಪಿಸಿಐನಲ್ಲಿ ಪ್ರತಿ ಸಾಧನವೂ ತನ್ನ ಗುರುತಿನ ಸಂಖ್ಯೆ ಹೇಳುತ್ತದೆ. ಮೂಲ ಐಎಸ್‌ಎಯಲ್ಲಿ ಹಾಗೆ ಕೇಳುವ ದಾರಿಯಿರಲಿಲ್ಲ. 3ಎಫ್8 ಪೋರ್ಟ್, 4ನೇ ಇಂಟರಪ್ಟ್ (ಸಾಧನ ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ಎಂದು ಕಾನ್ಫಿಗರೇಷನ್ ಫೈಲಿನಲ್ಲಿ ಬರೆದಿಡಬೇಕಿತ್ತು.

ಇಂದಿನ ಎಆರ್‌ಎಂ ಬೋರ್ಡ್‌ಗಳಲ್ಲೂ ಚಿಪ್‌ನೊಳಗಿನ ಬಹುಪಾಲು ಸಾಧನಗಳು ತಾವಾಗಿ ಗುರುತು ಹೇಳಿಕೊಳ್ಳುವುದಿಲ್ಲ. ಆ ವಿವರವನ್ನು ಬೋರ್ಡ್‌ನ ಸಾಧನಗಳನ್ನು ಬಣ್ಣಿಸುವ ‘ಡಿವೈಸ್ ಟ್ರೀ’ ಎಂಬ ದತ್ತಾಂಶ ಒದಗಿಸುತ್ತದೆ. ಮರದ ರಚನೆ ಸಾಲದೆ ಬರುವುದೂ ಇಲ್ಲಿಯೇ: ಸಾಧನ ಕೂತಿರುವುದು ಒಂದು ಬಸ್‌ನಲ್ಲಿ, ಅದಕ್ಕೆ ಕ್ಲಾಕ್ (ಕೆಲಸದ ಲಯ ಕೊಡುವ ಸಂಕೇತ) ಬರುವುದು ಇನ್ನೊಂದು ಕಡೆಯಿಂದ, ವಿದ್ಯುತ್ ಮತ್ತೊಂದು ಕಡೆಯಿಂದ. ತಾಯಿ ಸಿದ್ಧವಾದ ಮಾತ್ರಕ್ಕೆ ಮಗು ಸಿದ್ಧವಾಗುವುದಿಲ್ಲ. ಹೀಗಾಗಿ ಲಿನಕ್ಸ್‌ನಲ್ಲಿ ಬೇಕಾದ ಕ್ಲಾಕ್ ಇನ್ನೂ ಬಂದಿರದಿದ್ದರೆ ಡ್ರೈವರ್ ಜೋಡಣೆಯನ್ನು ಮುಂದೂಡಿ, ಆಮೇಲೆ ಮತ್ತೆ ಪ್ರಯತ್ನಿಸಲಾಗುತ್ತದೆ.