ಸಿಸಿಟಿವಿ ಕಂಪ್ಯೂಟರಿನ ಸಿಪಿಯು ಶೇ. 95ಕ್ಕೆ ಏರಿದಾಗ ಎಲ್ಲಿ ನೋಡಬೇಕು

ಮನೆಯ ಏಳೆಂಟು ಐಪಿ ಕ್ಯಾಮರಾಗಳನ್ನು ಹಳೆಯ ಕಂಪ್ಯೂಟರೊಂದಕ್ಕೆ ಜೋಡಿಸಿ ಬ್ಲೂ ಐರಿಸ್ ಅಥವಾ ಫ್ರಿಗೇಟ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡವರಲ್ಲಿ ಬಹಳಷ್ಟು ಮಂದಿಗೆ ಎದುರಾಗುವ ತೊಂದರೆ ಇದು: ಫ್ಯಾನ್ ಹಗಲೂ ರಾತ್ರಿ ಕೂಗುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಶೇ. 95 ಎನ್ನುತ್ತದೆ. ಹಾಗೇ ಬಿಟ್ಟರೆ ಪೆಟ್ಟು ಬೀಳುವುದು ರೆಕಾರ್ಡಿಂಗಿಗೆ. ಹಲವು ಕ್ಯಾಮರಾಗಳಲ್ಲಿ ಒಟ್ಟಿಗೆ ಚಲನೆ ಕಂಡ ಹೊತ್ತಿಗೇ ಪ್ರೊಸೆಸರಿಗೆ ಪುರುಸೊತ್ತಿಲ್ಲದೆ ಫ್ರೇಮುಗಳು ಬಿದ್ದುಹೋಗುತ್ತವೆ. ಗೇಟಿನ ಬಳಿ ಬಂದವನ ಮುಖ ಕಾಣಬೇಕಿದ್ದ ಎರಡು ಸೆಕೆಂಡು ಫೈಲಿನಲ್ಲೇ ಇರುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಹೊಸ ಐ7 ಪ್ರೊಸೆಸರಿನ ಕಂಪ್ಯೂಟರ್ ತೋರಿಸುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಬೇಕಿಲ್ಲ; ಸೆಟ್ಟಿಂಗ್ ಸರಿಪಡಿಸಿದರೆ ಇರುವ ಯಂತ್ರವೇ ಸಾಲುತ್ತದೆ.

ಮೊದಲು ಹೊರೆ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಬೇಕು. ವಿಡಿಯೊವನ್ನು ಎಚ್.264 ಅಥವಾ ಎಚ್.265ಕ್ಕೆ ಕುಗ್ಗಿಸುವ ಕೆಲಸವನ್ನು ಕ್ಯಾಮರಾ ತನ್ನೊಳಗೇ ಮುಗಿಸಿ ಕಳಿಸುತ್ತದೆ. ಅದನ್ನು ಹಾಗೇ ಡಿಸ್ಕಿಗೆ ಬರೆಯುವುದು ಪ್ರೊಸೆಸರಿಗೆ ಲೆಕ್ಕಕ್ಕೇ ಇಲ್ಲದ ಕೆಲಸ. 4 ಎಂಬಿಪಿಎಸ್‌ನ ಒಂದು ಕ್ಯಾಮರಾ ಸೆಕೆಂಡಿಗೆ ಅರ್ಧ ಎಂಬಿ ಕಳಿಸುತ್ತದೆ. ಎಂಟು ಸೇರಿದರೂ 4 ಎಂಬಿ. ದಿನಕ್ಕೆ ಒಂದು ಕ್ಯಾಮರಾದಿಂದ ಸುಮಾರು 43 ಜಿಬಿ ಡಿಸ್ಕ್ ತುಂಬುತ್ತದೆ ನಿಜ, ಆದರೆ ಅದು ಡಿಸ್ಕಿನ ಚಿಂತೆ. ಚಲನೆ ಇದೆಯೇ ಎಂದು ನೋಡಲು ಸಾಫ್ಟ್‌ವೇರ್ ಕುಗ್ಗಿದ ಚಿತ್ರವನ್ನು ಬಿಡಿಸಿ ಪಿಕ್ಸೆಲ್ ಪಿಕ್ಸೆಲ್ ಪರೀಕ್ಷಿಸಬೇಕಲ್ಲ, ಪ್ರೊಸೆಸರ್ ಬಳಲುವುದು ಅಲ್ಲಿ. 4 ಮೆಗಾಪಿಕ್ಸೆಲ್ ಕ್ಯಾಮರಾದ 2560×1440 ಚಿತ್ರದಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 25 ಫ್ರೇಮ್ ಅಂದರೆ 9.2 ಕೋಟಿ, ಎಂಟು ಕ್ಯಾಮರಾಕ್ಕೆ ಸುಮಾರು 74 ಕೋಟಿ. ಅದೇ 640×360 ಅಳತೆಯಲ್ಲಿ, ಸೆಕೆಂಡಿಗೆ 10 ಫ್ರೇಮ್‌ನಂತೆ ನೋಡಿದರೆ ಎಂಟೂ ಸೇರಿ ಎರಡು ಕೋಟಿ ದಾಟುವುದಿಲ್ಲ. ಹೊರೆ ನಲವತ್ತು ಪಟ್ಟು ಇಳಿಯಿತು. ಮುಂದಿನ ಬೇರೆಲ್ಲ ಉಪಾಯಗಳನ್ನು ಕೂಡಿಸಿದರೂ ಇಷ್ಟು ಉಳಿತಾಯ ಕೊಡುವುದು ಕಷ್ಟ.

ಕೈ ಹಚ್ಚುವ ಮೊದಲು ಅಳೆಯಿರಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಂ ಮೇಲೆ ಒತ್ತಿ, ಯಾವ ಪ್ರೋಗ್ರಾಂ ಮೇಲೆ ಬರುತ್ತದೆ ನೋಡಿ. ಕ್ಯಾಮರಾ ಸಾಫ್ಟ್‌ವೇರಿನ ಲೈವ್ ಕಿಟಕಿ ತೆರೆದಿದ್ದಾಗ ಒಮ್ಮೆ, ಮುಚ್ಚಿದಾಗ ಒಮ್ಮೆ ಬರೆದಿಟ್ಟುಕೊಳ್ಳಿ. ಮುಚ್ಚಿದ ಕೂಡಲೇ ಶೇ. 30 ಇಳಿದರೆ ಅರ್ಧ ಉತ್ತರ ಸಿಕ್ಕಂತೆ: ಯಾರೂ ನೋಡದ ಪರದೆಗಾಗಿ ಯಂತ್ರ ದುಡಿಯುತ್ತಿದೆ. ಬ್ಲೂ ಐರಿಸ್ ಅನ್ನು ವಿಂಡೋಸ್ ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ, ಓಡಿಸಿ ಕಿಟಕಿ ಮುಚ್ಚಿಬಿಡಿ, ರೆಕಾರ್ಡಿಂಗ್ ನಿಲ್ಲುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೊಕ್ಕು ಅಳೆದರೆ ಆ ಸಂಪರ್ಕದ ಹೊರೆಯೂ ಸೇರಿಕೊಳ್ಳುತ್ತದೆ, ನೆನಪಿರಲಿ. ಫ್ರಿಗೇಟ್‌ನಲ್ಲಾದರೆ ಸಿಸ್ಟಂ ಪುಟದಲ್ಲಿ ಪ್ರತಿ ಕ್ಯಾಮರಾಕ್ಕೂ ಎಫ್ಎಫ್‌ಎಂಪೆಗ್ ಎಷ್ಟು, ಡಿಟೆಕ್ಟ್ ಎಷ್ಟು ಎಂದು ಬೇರೆಬೇರೆಯಾಗಿ ಕಾಣುತ್ತದೆ. ಮೊದಲನೆಯದು ಚಿತ್ರ ಬಿಡಿಸುವ ಖರ್ಚು, ಎರಡನೆಯದು ಅದರಲ್ಲಿ ಹುಡುಕುವ ಖರ್ಚು. ಎರಡರ ಮದ್ದೂ ಬೇರೆ.

ಈಗ ಸಬ್ ಸ್ಟ್ರೀಮ್. ಬಹುತೇಕ ಎಲ್ಲ ಐಪಿ ಕ್ಯಾಮರಾಗಳೂ ಒಂದೇ ಹೊತ್ತಿಗೆ ಎರಡು ವಿಡಿಯೊ ಕಳಿಸಬಲ್ಲವು: ಪೂರ್ಣ ಅಳತೆಯ ಮೇನ್ ಸ್ಟ್ರೀಮ್, ಸಣ್ಣ ಸಬ್ ಸ್ಟ್ರೀಮ್. ಹಿಕ್‌ವಿಷನ್ ಕ್ಯಾಮರಾದ ಆರ್‌ಟಿಎಸ್‌ಪಿ ವಿಳಾಸದ (ವಿಡಿಯೊ ಪಡೆಯುವ ವಿಳಾಸ) ಕೊನೆಯಲ್ಲಿ 101 ಇದ್ದರೆ ಮೇನ್, 102 ಇದ್ದರೆ ಸಬ್. ದಹುವಾ ರೀತಿಯ ವಿಳಾಸದಲ್ಲಿ ಸಬ್‌ಟೈಪ್ 0 ಮೇನ್, 1 ಸಬ್. ಕ್ಯಾಮರಾದ ವೆಬ್ ಪುಟಕ್ಕೆ ಹೋಗಿ ಸಬ್ ಸ್ಟ್ರೀಮನ್ನು ಹೀಗೆ ಇಡಿ: ಎಚ್.264, 640×360 ಅಥವಾ 704×576, ಸೆಕೆಂಡಿಗೆ 10 ಫ್ರೇಮ್, 512 ಕೆಬಿಪಿಎಸ್, ಐ-ಫ್ರೇಮ್ (ಪೂರ್ಣ ಚಿತ್ರವಾದ ಕೀ ಫ್ರೇಮ್) ಅಂತರ 10. ಮೇನ್ ಸ್ಟ್ರೀಮ್‌ಗೂ 25 ಫ್ರೇಮ್ ಬೇಕಿಲ್ಲ, 15 ಧಾರಾಳ. ಬ್ಲೂ ಐರಿಸ್‌ನಲ್ಲಿ ಕ್ಯಾಮರಾದ ವಿಡಿಯೊ ಸೆಟ್ಟಿಂಗ್‌ನಲ್ಲಿ ಎರಡೂ ವಿಳಾಸ ಕೊಡುವ ಜಾಗವಿದೆ. ಫ್ರಿಗೇಟ್‌ನಲ್ಲಿ ಮೇನ್‌ಗೆ ರೆಕಾರ್ಡ್ ಪಾತ್ರ, ಸಬ್‌ಗೆ ಡಿಟೆಕ್ಟ್ ಪಾತ್ರ ಕೊಡಿ. ಡಿಟೆಕ್ಟ್ ಫ್ರೇಮ್ ದರ 5 ಇದ್ದರೆ ಸಾಕು. ಡಿಟೆಕ್ಟ್ ಪಾತ್ರವನ್ನು ಮೇನ್‌ಗೇ ಬಿಟ್ಟು, ಅಳತೆಯನ್ನು ಮಾತ್ರ ಸಣ್ಣದಾಗಿ ಬರೆದವರು ಮೋಸ ಹೋಗುತ್ತಾರೆ. ಆಗ ಪೂರ್ಣ ಚಿತ್ರವನ್ನೇ ಬಿಡಿಸಿ ಆಮೇಲೆ ಕುಗ್ಗಿಸಬೇಕಾಗುತ್ತದೆ, ಹೊರೆ ಇನ್ನೂ ಹೆಚ್ಚುತ್ತದೆ.

ಎಲ್ಲ ಕ್ಯಾಮರಾಕ್ಕೂ ಒಂದೇ ಅಳತೆ ಹೊಂದುವುದಿಲ್ಲ. 20 ಮೀಟರ್ ಅಗಲದ ಅಂಗಳವನ್ನು 640 ಪಿಕ್ಸೆಲ್‌ಗೆ ಇಳಿಸಿದರೆ ಮೀಟರಿಗೆ ಸಿಗುವುದು 32 ಪಿಕ್ಸೆಲ್. ಅರ್ಧ ಮೀಟರ್ ಅಗಲದ ಮನುಷ್ಯ 16 ಪಿಕ್ಸೆಲ್‌ನಲ್ಲಿ ಮುಗಿದುಹೋಗುತ್ತಾನೆ. ಚಲನೆ ಕಂಡೀತು, ಮನುಷ್ಯನೋ ನಾಯಿಯೋ ಎಂದು ಗುರುತಿಸುವುದು ಕಷ್ಟ. ಕಾಂಪೌಂಡ್ ದೊಡ್ಡದಿರುವ ಅಥವಾ ತೋಟದ ಕಡೆ ನೋಡುವ ಒಂದೋ ಎರಡೋ ಕ್ಯಾಮರಾಗೆ ಮಾತ್ರ 1280×720 ಕೊಡಿ, ಉಳಿದವು ಸಣ್ಣದಿರಲಿ.

ಸಬ್ ಸ್ಟ್ರೀಮ್ ಹಾಕಿದರೂ ಇಳಿಯದಿದ್ದರೆ ರೆಕಾರ್ಡಿಂಗ್ ವಿಧಾನದ ಮೇಲೆ ಗುಮಾನಿ ಪಡಬೇಕು. ಬ್ಲೂ ಐರಿಸ್‌ನ ರೆಕಾರ್ಡ್ ವಿಭಾಗದಲ್ಲಿ ಡೈರೆಕ್ಟ್-ಟು-ಡಿಸ್ಕ್ ಆಯ್ಕೆ ಇರಬೇಕು. ಇಲ್ಲದಿದ್ದರೆ ಬಂದ ವಿಡಿಯೊವನ್ನು ಬಿಡಿಸಿ ಮತ್ತೆ ಕುಗ್ಗಿಸಿ ಬರೆಯುತ್ತದೆ. ಪ್ರೊಸೆಸರಿಗೆ ಇದಕ್ಕಿಂತ ದುಬಾರಿ ಕೆಲಸ ಈ ಮನೆಯಲ್ಲಿ ಇನ್ನೊಂದಿಲ್ಲ. ದಿನಾಂಕ, ಸಮಯ, ಕ್ಯಾಮರಾ ಹೆಸರನ್ನು ಸಾಫ್ಟ್‌ವೇರ್‌ನಿಂದ ಚಿತ್ರದ ಮೇಲೆ ಬರೆಸುವುದನ್ನೂ ತೆಗೆಯಿರಿ. ಅದನ್ನು ಕ್ಯಾಮರಾವೇ ಬರೆಯಲಿ, ಅದರ ಓಎಸ್‌ಡಿ ಸೆಟ್ಟಿಂಗ್ ಇರುವುದೇ ಅದಕ್ಕೆ.

ಎಚ್.264+, ಎಚ್.265+, ಸ್ಮಾರ್ಟ್ ಕೋಡೆಕ್ ಎಂಬ ಹೆಸರಿನ ಸೌಲಭ್ಯವನ್ನು ಮೇನ್ ಮತ್ತು ಸಬ್ ಎರಡರಲ್ಲೂ ಆಫ್ ಮಾಡಿ. ಡಿಸ್ಕ್ ಉಳಿಸಲು ಇದು ಪೂರ್ಣ ಚಿತ್ರವಾದ ಕೀ ಫ್ರೇಮನ್ನು ಹಲವು ಸೆಕೆಂಡಿಗೊಮ್ಮೆ ಮಾತ್ರ ಕಳಿಸುತ್ತದೆ. ಸಬ್‌ನಿಂದ ಮೇನ್‌ಗೆ ಹಾರಿ ರೆಕಾರ್ಡಿಂಗ್ ಶುರುಮಾಡಲು ಸಾಫ್ಟ್‌ವೇರಿಗೆ ಬೇಕಾದದ್ದು ಕೀ ಫ್ರೇಮ್; ಅದು ಬರುವವರೆಗಿನ ದೃಶ್ಯ ಹೋದಂತೆಯೇ. ಬ್ಲೂ ಐರಿಸ್‌ನ ಸ್ಟೇಟಸ್ ಕಿಟಕಿಯಲ್ಲಿ ಫ್ರೇಮ್ ದರದ ಪಕ್ಕದಲ್ಲೇ ಕೀ ಫ್ರೇಮ್ ದರವೂ ಇರುತ್ತದೆ. 1.00 ಇರಬೇಕು, 0.25 ಅಂತ ಕಂಡರೆ ನಾಲ್ಕು ಸೆಕೆಂಡಿಗೊಂದು ಎಂದರ್ಥ. ಅಗತ್ಯವಿಲ್ಲದಾಗ ಕೀ ಫ್ರೇಮ್ ಮಾತ್ರ ಬಿಡಿಸುವ ಲಿಮಿಟ್ ಡಿಕೋಡಿಂಗ್ ಆಯ್ಕೆ ಹೊರೆಯನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ಈ ಸಂಖ್ಯೆ 1.00 ಇದ್ದಾಗ ಮಾತ್ರ ಅದನ್ನು ನಂಬಬಹುದು.

ಚಿತ್ರ ಬಿಡಿಸುವ ಕೆಲಸವನ್ನು ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಒಪ್ಪಿಸುವ ಕ್ವಿಕ್ ಸಿಂಕ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವಂಥ ಹಳೆಯ ಆಫೀಸ್ ಕಂಪ್ಯೂಟರ್ ತಂದವರು ಇಲ್ಲಿ ಪೀಳಿಗೆ ನೋಡಿಕೊಳ್ಳಬೇಕು. ನಾಲ್ಕನೇ ಪೀಳಿಗೆಯ ಐ5ನಲ್ಲಿ ಎಚ್.264ಕ್ಕೆ ಹಾರ್ಡ್‌ವೇರ್ ನೆರವು ಇದೆ, ಎಚ್.265ಕ್ಕೆ ಪೂರ್ತಿ ಇಲ್ಲ. 2015ರಲ್ಲಿ ಬಂದ ಆರನೇ ಪೀಳಿಗೆಯಿಂದ ಎಚ್.265ಕ್ಕೂ ಇದೆ. ಐ5-12400ಎಫ್ ಹಾಗೆ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸೇ ಇಲ್ಲ, ಕ್ವಿಕ್ ಸಿಂಕ್ ಮರೆತುಬಿಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಕೂಡಲೇ ಕೆಲವು ಮದರ್‌ಬೋರ್ಡ್‌ಗಳು ಒಳಗಿನದನ್ನು ಆಫ್ ಮಾಡಿಬಿಡುತ್ತವೆ. ಬಯೋಸ್‌ಗೆ ಹೋಗಿ ಮತ್ತೆ ಹೊತ್ತಿಸಬೇಕು. ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಗ್ರಾಫ್ ನೋಡಿ. ಸೊನ್ನೆಯಲ್ಲೇ ಮಲಗಿದ್ದರೆ ಸೆಟ್ಟಿಂಗ್‌ನಲ್ಲಿ ಟಿಕ್ ಇದ್ದೂ ಪ್ರಯೋಜನವಿಲ್ಲ. ಫ್ರಿಗೇಟ್ ಅನ್ನು ಡಾಕರ್‌ನಲ್ಲಿ ಓಡಿಸುವವರು ರೆಂಡರ್ ಡಿ128 ಎಂಬ ಗ್ರಾಫಿಕ್ಸ್ ಸಾಧನವನ್ನು ಕಂಟೇನರಿನೊಳಕ್ಕೆ (ಪ್ರೋಗ್ರಾಂ ಓಡುವ ಪ್ರತ್ಯೇಕ ಆವರಣ) ಕೊಡಲು ಮರೆಯುವುದು ಸಾಮಾನ್ಯ. ಒಳಗಿನ ಗ್ರಾಫಿಕ್ಸ್ ಬಳಸುವುದು ಕಂಪ್ಯೂಟರಿನ ರ‍್ಯಾಮನ್ನೇ ಆದ್ದರಿಂದ ಒಂದೇ 8 ಜಿಬಿ ಕಡ್ಡಿಗಿಂತ 4 ಜಿಬಿಯ ಎರಡು ಕಡ್ಡಿ ಮೇಲು. ಸಬ್ ಸ್ಟ್ರೀಮ್ ಸರಿಯಾಗಿ ಹಾಕಿದ ಮೇಲೆ ಇದರಿಂದ ಸಿಗುವ ಹೆಚ್ಚಿನ ಲಾಭ ಕಡಿಮೆ. ಹಸಿರು ಪಟ್ಟಿಗಳು ಕಾಣಿಸಿಕೊಂಡರೆ ಆ ಕ್ಯಾಮರಾಕ್ಕೆ ಕ್ವಿಕ್ ಸಿಂಕ್ ಆಫ್ ಮಾಡಿಬಿಡಿ, ನಷ್ಟವೇನಿಲ್ಲ.

ಕೋರಲ್ ಯುಎಸ್‌ಬಿ ಕಡ್ಡಿ ಕೊಂಡು ನಿರಾಶರಾದವರು ಬೇಕಾದಷ್ಟಿದ್ದಾರೆ. ಅದು ಮಾಡುವುದು ಚಿತ್ರದಲ್ಲಿ ಮನುಷ್ಯ, ವಾಹನಗಳನ್ನು ಹುಡುಕುವ ಕೆಲಸ ಮಾತ್ರ. ಒಂದು ಚಿತ್ರಕ್ಕೆ ಸುಮಾರು 10 ಮಿಲಿಸೆಕೆಂಡು. ಚಿತ್ರ ಬಿಡಿಸುವ ಎಫ್ಎಫ್‌ಎಂಪೆಗ್‌ನ ಹೊರೆ ಹಾಗೇ ಉಳಿಯುತ್ತದೆ. ಸಿಸ್ಟಂ ಪುಟದಲ್ಲಿ ಡಿಟೆಕ್ಟರ್ ಭಾಗ ಮೇಲಿದ್ದರೆ ಮಾತ್ರ ಕೋರಲ್ ಯೋಚನೆ ಮಾಡಿ. ಆರನೇ ಪೀಳಿಗೆಯ ಮೇಲಿನ ಇಂಟೆಲ್ ಇದ್ದರೆ ಅದಕ್ಕೂ ಮೊದಲು ಫ್ರಿಗೇಟ್‌ನಲ್ಲಿ ಇಂಟೆಲ್‌ನ ಓಪನ್‌ವಿನೋ ಡಿಟೆಕ್ಟರ್ ಹಾಕಿ ನೋಡಿ, ಕಾಸು ಖರ್ಚಿಲ್ಲ. ಏನೂ ಹೇಳದಿದ್ದರೆ ಬರುವ ಸಿಪಿಯು ಡಿಟೆಕ್ಟರ್ ಪರೀಕ್ಷೆಗಷ್ಟೇ ಸರಿ.

ಹಗಲು ಶೇ. 25, ರಾತ್ರಿ ಶೇ. 70 ಎನ್ನುವ ಮನೆಗಳಲ್ಲಿ ಕಾರಣ ಕ್ಯಾಮರಾದ ಮುಂದೆಯೇ ಇರುತ್ತದೆ. ಕತ್ತಲಲ್ಲಿ ಕ್ಯಾಮರಾ ಗೇನ್ (ಬೆಳಕಿನ ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿಕೊಂಡಾಗ ಚಿತ್ರದ ತುಂಬ ಕಾಳುಕಾಳು ಎದ್ದು, ಸಾಫ್ಟ್‌ವೇರಿಗೆ ಅದೆಲ್ಲ ಚಲನೆಯಂತೆ ಕಾಣುತ್ತದೆ. ಗೇನ್‌ಗೆ ಮಿತಿ ಹಾಕಿ, ಕಾಳು ತಗ್ಗಿಸುವ ಡಿಎನ್‌ಆರ್ ಹೊತ್ತಿಸಿ. ಲೆನ್ಸಿನ ಮುಂದಿನ ಜೇಡರ ಬಲೆ ಇನ್‌ಫ್ರಾರೆಡ್ ಬೆಳಕಿಗೆ ಹೊಳೆದು ರಾತ್ರಿಯಿಡೀ ಅಲ್ಲಾಡುತ್ತದೆ. ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಮೊದಲ ಮಳೆಗೆ ಏಳುವ ರೆಕ್ಕೆ ಗೆದ್ದಲಿಗೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ, ಕ್ಯಾಮರಾದ ದೀಪ ಆರಿಸಿ ಎರಡು ಮೀಟರ್ ದೂರದಲ್ಲಿ ಬೇರೆ ಇನ್‌ಫ್ರಾರೆಡ್ ದೀಪ ಹಾಕಿದರೆ ಲೆನ್ಸಿನ ಮುಂದಿನ ಹುಳುಗಳು ಅಷ್ಟು ಹೊಳೆಯುವುದಿಲ್ಲ. ಹಗಲಿನಲ್ಲಿ ತೆಂಗಿನ ಗರಿ, ಬಟ್ಟೆ ಒಣಹಾಕಿದ ಹಗ್ಗ, ಚಿತ್ರದ ಮೂಲೆಯಲ್ಲಿ ಓಡುವ ಗಡಿಯಾರ, ಇವುಗಳ ಮೇಲೆ ಚಲನೆ ಲೆಕ್ಕಿಸದಂತೆ ಮೋಷನ್ ಮಾಸ್ಕ್ ಹಾಕಿ. ನೆಲದ ಮೇಲೆ, ಜನ ನಡೆಯುವ ದಾರಿಯ ಮೇಲೆ ಮಾಸ್ಕ್ ಎಳೆಯಬೇಡಿ. ಎಳೆದರೆ ಬಂದವರ ಜಾಡು ನಡುವೆ ತಪ್ಪುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಆಂಟಿಮಾಲ್‌ವೇರ್ ಸರ್ವಿಸ್ ಎಂಬ ಹೆಸರು ಮೇಲೆ ಬಂದಿದ್ದರೆ ವಿಂಡೋಸ್ ಸೆಕ್ಯುರಿಟಿ ಪ್ರತಿ ರೆಕಾರ್ಡಿಂಗ್ ಫೈಲನ್ನೂ ತಡಕುತ್ತಿದೆ. ಎಕ್ಸ್‌ಕ್ಲೂಷನ್ಸ್ ಪಟ್ಟಿಗೆ ರೆಕಾರ್ಡಿಂಗ್ ಫೋಲ್ಡರ್ ಮಾತ್ರ ಸೇರಿಸಿ, ಇಡೀ ಡ್ರೈವ್ ಬೇಡ. ಆ ಫೋಲ್ಡರಿನ ಇಂಡೆಕ್ಸಿಂಗನ್ನೂ ನಿಲ್ಲಿಸಿ.

ಯಾವ ಸೆಟ್ಟಿಂಗೂ ಮುಟ್ಟದೆ ಮಾರ್ಚಿನಿಂದೀಚೆಗೆ ಸಿಪಿಯು ಏರಿದ್ದರೆ ಅದು ಬಿಸಿಲಿನ ಕೆಲಸ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಾರಸಿಯ ಕೆಳಗಿನ ಲಾಫ್ಟಿನಲ್ಲಿ ಬಾಗಿಲು ಮುಚ್ಚಿಟ್ಟ ಯಂತ್ರ 100 ಡಿಗ್ರಿಯ ಹತ್ತಿರ ಹೋದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೆಲಸ ಅಷ್ಟೇ, ವೇಗ ಕಡಿಮೆ, ಹಾಗಾಗಿ ಶೇಕಡಾವಾರು ಏರುತ್ತದೆ. ಹೀಟ್‌ಸಿಂಕಿನ ದೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ, ಗಾಳಿಯಾಡುವ ಕಡೆ ಇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಸರಾಸರಿ ಶೇ. 50ರ ಕೆಳಗೆ ನಿಂತು, ಚಲನೆ ಇದ್ದಾಗ ಮಾತ್ರ ಏರಿ ಇಳಿದರೆ ಅಷ್ಟು ಸಾಕು. ಆಮೇಲೆ ಮನೆಯವರನ್ನು ಗೇಟಿನಿಂದ ಹಿತ್ತಲವರೆಗೆ ನಡೆಸಿ, ರೆಕಾರ್ಡಿಂಗ್ ಹಾಕಿ, ಸೆಕೆಂಡುಗಳು ಜಿಗಿಯುತ್ತವೆಯೇ ನೋಡಿ. ಇಷ್ಟಾದರೂ ಆಗದಿದ್ದರೆ ಹೊಸ ಯಂತ್ರ ಕೊಳ್ಳುವುದು ಸರಿ, ಆದರೆ ಐ7 ಬೇಡ. ಸದಾ 60 ವ್ಯಾಟ್ ಎಳೆಯುವ ಕಂಪ್ಯೂಟರ್ ತಿಂಗಳಿಗೆ 43 ಯೂನಿಟ್ ವಿದ್ಯುತ್ ತಿನ್ನುತ್ತದೆ, ಯುಪಿಎಸ್ ಬ್ಯಾಟರಿಯನ್ನೂ ಬೇಗ ಮುಗಿಸುತ್ತದೆ. ಕ್ವಿಕ್ ಸಿಂಕ್ ಇರುವ, ನಾಲ್ಕು ಕೋರ್‌ನ ಇಂಟೆಲ್ ಎನ್100ರಂಥ ಪುಟ್ಟ ಯಂತ್ರ ಅದಕ್ಕಿಂತ ಎಷ್ಟೋ ಕಡಿಮೆ ವಿದ್ಯುತ್ತಿನಲ್ಲಿ ಸಬ್ ಸ್ಟ್ರೀಮ್ ಜೊತೆಗಿನ ಎಂಟು ಕ್ಯಾಮರಾಗಳನ್ನು ನಿಭಾಯಿಸುತ್ತದೆ. ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳಲ್ಲಿ 3.5 ಇಂಚಿನ ಹಾರ್ಡ್ ಡಿಸ್ಕ್ ಕೂರುವ ಜಾಗ ಇರುವುದಿಲ್ಲ. ದುಡ್ಡು ಕೊಡುವ ಮೊದಲು ಅದನ್ನು ಕೇಳಿಕೊಳ್ಳಿ.